ಓದುಗರ ಪ್ರಶ್ನೆ: ರಾಕ್ಷಸನ ವೇಷದೊಳಗೆ ಯಾರಿದ್ದಾರೆ?

ಪ್ರಶ್ನೆ: ನೀವು ನಾಟಕಗಳಿಗೆ ಮುಖವಾಡ ಮಾಡುವವರು. ಸಿನಿಮಾದ ವಿಚಿತ್ರ ಪ್ರಾಣಿಗಳಲ್ಲಿ ನಿಮಗೆ ತುಂಬಾ ಇಷ್ಟವಾದದ್ದು ಯಾವುದು? (ಶಿವಮೊಗ್ಗದಿಂದ ಒಬ್ಬ ಓದುಗರು)

ಉತ್ತರ: ಗಾಡ್ಜಿಲ್ಲಾ. ಅದೂ 1954ರ ಕಪ್ಪು-ಬಿಳುಪು ಜಪಾನಿ ಚಿತ್ರದ್ದು. ಅದರ ಮೈ ಗಮನಿಸಿದ್ದೀರಾ? ಮೊಸಳೆಯ ಹಾಗೆ ಸಾಲು ಸಾಲು ಹುರುಪೆ ಇಲ್ಲ. ಸುಟ್ಟು ಗಂಟು ಕಟ್ಟಿದ ಗಾಯದ ಹಾಗಿದೆ. ಹಿರೋಶಿಮಾ, ನಾಗಸಾಕಿಯಲ್ಲಿ ಬದುಕುಳಿದವರ ಮೈಮೇಲೆ ಉಳಿದ ಕಲೆಗಳನ್ನು ನೆನಪಿಸುವ ಚರ್ಮ ಅದು.

ಆ ವರ್ಷ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ಸಮುದ್ರದಲ್ಲಿದ್ದ ಒಂದು ಜಪಾನಿ ದೋಣಿಯ 23 ಮೀನುಗಾರರ ಮೇಲೆ ವಿಷದ ಬೂದಿ ಬಿತ್ತು. ಸೆಪ್ಟೆಂಬರಿನಲ್ಲಿ ಅವರಲ್ಲಿ ಒಬ್ಬರು ತೀರಿಕೊಂಡರು. ನವೆಂಬರಿನಲ್ಲಿ ಸಿನಿಮಾ ಬಂತು. ಅದು ಶುರುವಾಗುವುದೇ ನೀರಿನಲ್ಲಿ ಬೆಳಕು ಹೊಳೆದು ದೋಣಿಯೊಂದು ಹೊತ್ತಿಕೊಳ್ಳುವುದರಿಂದ. ಟೋಕಿಯೊದಲ್ಲಿ ಅದನ್ನು ನೋಡಿದವರಿಗೆ ಆ ದೋಣಿ ಯಾವುದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಅದರ ಕೂಗಿನ ಬಗ್ಗೆಯೂ ಹೇಳಲೇಬೇಕು. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಪ್ರಾಣಿಗಳ ದನಿ ಬಳಸಲಿಲ್ಲ. ಡಬಲ್ ಬೇಸ್ ವಾದ್ಯದ ಸಡಿಲ ತಂತಿಯನ್ನು ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಎಳೆಸಿ, ಆ ಸದ್ದನ್ನು ನಿಧಾನ ಮಾಡಿದರು. ಸಿಟ್ಟು, ನೋವು ಎರಡೂ ಅದರಲ್ಲಿ ಕೇಳಿಸುತ್ತವೆ ಅಲ್ವಾ?

ಪ್ರಶ್ನೆ: ಈಗ ಎಲ್ಲವನ್ನೂ ಕಂಪ್ಯೂಟರಿನಲ್ಲೇ ಮಾಡಬಹುದು. ರಬ್ಬರ್ ವೇಷ ಇನ್ನೂ ಯಾಕೆ ಬೇಕು? (ಬೆಂಗಳೂರಿನ ವಿದ್ಯಾರ್ಥಿನಿ)

ಉತ್ತರ: ವೇಷದೊಳಗೆ ಒಬ್ಬ ಮನುಷ್ಯ ಇರುತ್ತಾನಲ್ಲ, ಅದಕ್ಕೇ. ನಾನು ಮುಖವಾಡಕ್ಕೆ ಕಾಗದ ನೆನೆಹಾಕುವ ಮೊದಲು ನಟನನ್ನು ಕೂರಿಸಿಕೊಂಡು ಅವನ ಮೂಗು, ದವಡೆ, ಕಣ್ಣಿನ ಅಂತರ ಅಳೆಯುತ್ತೇನೆ. ಅವನು ಉಸಿರಾಡಬೇಕು, ಮಾತಾಡಬೇಕು, ಮೆಟ್ಟಿಲು ಕಾಣಬೇಕು. ಪಾತ್ರದ ನಡಿಗೆ ಅರ್ಧ ಅಲ್ಲಿಯೇ ತೀರ್ಮಾನವಾಗುತ್ತದೆ.

ಗಾಡ್ಜಿಲ್ಲಾ ವೇಷದೊಳಗಿದ್ದವರು ಹರುವೊ ನಕಾಜಿಮಾ. ವೇಷದ ತೂಕ ಸುಮಾರು 100 ಕಿಲೋ. ಮೃಗಾಲಯಕ್ಕೆ ಹೋಗಿ ದೊಡ್ಡ ಪ್ರಾಣಿಗಳು ಹೆಜ್ಜೆ ಇಡುವುದನ್ನು ನೋಡಿ ಕಲಿತರು. 1972ರವರೆಗೂ ಅವರೇ ಆ ವೇಷ ಹಾಕಿದರು. ಅಷ್ಟು ಭಾರ ಹೊತ್ತವನ ಕಾಲು ನೆಲಕ್ಕೆ ಊರುವ ರೀತಿಯೇ ಬೇರೆ. ಗ್ರಾಫಿಕ್ಸ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಎಷ್ಟೋ ಸಲ ಅದರ ಪ್ರಾಣಿಗಳಿಗೆ ತೂಕವೇ ಇರುವುದಿಲ್ಲ.

2006ರ 'ಪ್ಯಾನ್ಸ್ ಲ್ಯಾಬಿರಿಂತ್' ನೋಡಿ. ಅಂಗೈಯಲ್ಲಿ ಕಣ್ಣಿರುವ, ಚರ್ಮ ಜೋತುಬಿದ್ದ ಆ ನರಭಕ್ಷಕನ ವೇಷದಲ್ಲಿದ್ದವರು ಡಗ್ ಜೋನ್ಸ್. ಮುಖವಾಡದ ಮೂಗಿನ ಹೊಳ್ಳೆಗಳಿಂದಲೇ ಅವರು ಹೊರಗೆ ನೋಡಬೇಕಿತ್ತು. ಆ ತಡವರಿಸುವ ನಡಿಗೆ ನನ್ನನ್ನು ಇವತ್ತಿಗೂ ಹೆದರಿಸುತ್ತದೆ.

ಪ್ರಶ್ನೆ: 'ಏಲಿಯನ್' ಸಿನಿಮಾದ ಪ್ರಾಣಿಗೆ ಕಣ್ಣೇ ಇಲ್ಲವಲ್ಲ? (ಧಾರವಾಡದಿಂದ)

ಉತ್ತರ: ಅದೇ ಅದರ ಬಲ. ಎದುರಿಗಿರುವುದು ಎತ್ತ ನೋಡುತ್ತಿದೆ ಅಂತ ಗೊತ್ತಾಗದಿದ್ದರೆ ನಾವು ಎತ್ತ ಓಡುವುದು? 1979ರ ಆ ರೂಪ ಸ್ವಿಸ್ ಕಲಾವಿದ ಎಚ್.ಆರ್. ಗೀಗರ್ ಅವರದು. ಒಳಗಿದ್ದವರು ಬೊಲಾಜಿ ಬಡೇಜೊ ಎಂಬ ತುಂಬಾ ಎತ್ತರದ, ಸಪೂರ ನೈಜೀರಿಯನ್ ಯುವಕ. ಆ ಉದ್ದ ಕೈಕಾಲು ನೋಡಿದರೆ ಒಳಗೆ ಮನುಷ್ಯ ಇದ್ದಾನೆ ಅಂತ ಅನಿಸುವುದೇ ಇಲ್ಲ.

ಪ್ರಶ್ನೆ: ನಮ್ಮಲ್ಲಿ ಇಂಥ ರೂಪಗಳಿಲ್ಲವೇ? (ಪುತ್ತೂರಿನಿಂದ)

ಉತ್ತರ: ಪುತ್ತೂರಿನವರೇ ಕೇಳಿದರೆ ಹೇಗೆ! ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರದ ವೇಷ, ನಿಮ್ಮ ಊರಲ್ಲೇ ಇದೆ. ಅಕ್ಕಿ ಮತ್ತು ಸುಣ್ಣ ಅರೆದು ಮಾಡಿದ ಚಿಟ್ಟಿಯನ್ನು ಕಲಾವಿದ ಕನ್ನಡಿ ಮುಂದೆ ಕೂತು ಗಂಟೆಗಟ್ಟಲೆ ಮುಖಕ್ಕೆ ಇಡುತ್ತಾನೆ. ಮುಖ ಮುಳ್ಳು ಮುಳ್ಳಾಗುತ್ತದೆ. ಆಮೇಲೂ ನೇರ ರಂಗಕ್ಕೆ ಬರುವುದಿಲ್ಲ. ತೆರೆಯ ಹಿಂದೆ ನಿಂತು ಸ್ವಲ್ಪ ಸ್ವಲ್ಪವೇ ಕಾಣಿಸಿಕೊಳ್ಳುತ್ತಾನೆ. ಮುಂದಿನ ಸಲ ಆಟಕ್ಕೆ ಹೋದಾಗ ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಚೌಕಿಗೆ ಬೇಗ ಹೋಗಿ, ಚಿಟ್ಟಿ ಇಡುವುದನ್ನು ಶುರುವಿನಿಂದ ನೋಡಿ.

ಪ್ರಶ್ನೆ: ಒಂಬತ್ತು ವರ್ಷದ ಮಗ ದಿನವಿಡೀ ರಾಕ್ಷಸರ ಚಿತ್ರ ಬರೆಯುತ್ತಾನೆ. ಚಿಂತೆಯಾಗಿದೆ. (ತುಮಕೂರಿನ ತಾಯಿ)

ಉತ್ತರ: ಖಂಡಿತ ಚಿಂತೆ ಬೇಡ ಅಮ್ಮ. ಅವನ ಪಕ್ಕ ಕೂತು ಕೇಳಿ: ಇದು ಏನು ತಿನ್ನುತ್ತೆ, ಎಲ್ಲಿ ಮಲಗುತ್ತೆ, ಈ ಮೂರನೇ ಕೈ ಯಾಕೆ? ಅವನ ಹತ್ತಿರ ಉತ್ತರ ಇದ್ದೇ ಇರುತ್ತದೆ. ಒಂದು ಚಿತ್ರ ನನಗೂ ಕಳಿಸಿ.