ಏಪ್ರಿಲ್‌ನಲ್ಲಿ ಯೂಟಾ: ಮೈಲಿಗಿಂತ ಮೊದಲು ಎತ್ತರ ನೋಡಿ

ನಮಸ್ಕಾರ. ಊರಿಂದ ಬರುವ ಅಪ್ಪ ಅಮ್ಮನನ್ನು ಕರೆದುಕೊಂಡು ಏಪ್ರಿಲ್ ಮೊದಲ ವಾರ ಲಾಸ್ ವೇಗಸ್‌ನಿಂದ ಹೊರಟು, ಝಯಾನ್, ಬ್ರೈಸ್, ಕ್ಯಾಪಿಟಲ್ ರೀಫ್, ಆರ್ಚಸ್, ಆ್ಯಂಟಲೋಪ್, ಗ್ರ್ಯಾಂಡ್ ಕ್ಯಾನ್ಯನ್ ಅಂತ ಯೂಟಾ, ಅರಿಝೋನಾದ ಪಾರ್ಕು, ಕಣಿವೆಗಳನ್ನೆಲ್ಲ ಮುಗಿಸಿ ಎಂಟು ದಿನಕ್ಕೆ ವೇಗಸ್‌ಗೇ ವಾಪಸ್ ಬರುವ ಪಟ್ಟಿ ಹಾಕಿದ್ದೀರಿ. ಏನು ತಿದ್ದಬೇಕು ಅಂತ ಕೇಳಿದ್ದೀರಿ. ನಾನಿರುವುದು ಫೀನಿಕ್ಸ್‌ನಲ್ಲಿ, ಆ ಕಡೆ ಹಲವು ವಸಂತಗಳಲ್ಲಿ ನಡೆದಿದ್ದೇನೆ. ಜಾಗಗಳ ಆಯ್ಕೆ ಚೆನ್ನಾಗಿದೆ. ಆದರೆ ನೀವು ಮೈಲಿ ಲೆಕ್ಕ ಮಾತ್ರ ಹಾಕಿದ್ದೀರಿ, ಎತ್ತರದ ಲೆಕ್ಕ ಬಿಟ್ಟುಹೋಗಿದೆ. ವಸಂತದಲ್ಲಿ ಅಲ್ಲಿ ಹವೆ ನಿರ್ಧಾರವಾಗುವುದೇ ಎತ್ತರದ ಮೇಲೆ.

ಝಯಾನ್ ಕಣಿವೆಯ ತಳ ಸುಮಾರು 1,200 ಮೀಟರ್. ಏಪ್ರಿಲ್‌ನಲ್ಲಿ ಹೊಳೆ ಬದಿಯ ಮರಗಳು ಚಿಗುರುತ್ತಿರುತ್ತವೆ, ಮಧ್ಯಾಹ್ನ ಅಂಗಿ ಸಾಕು. ಅಲ್ಲಿಂದ ಬ್ರೈಸ್‌ಗೆ ಎರಡು ಗಂಟೆ ದಾರಿ. ಆದರೆ ಬ್ರೈಸ್‌ನ ಅಂಚು 2,400 ಮೀಟರಿಗೂ ಮೇಲಿದೆ, ಅಂದರೆ ನಮ್ಮ ಮುಳ್ಳಯ್ಯನಗಿರಿ ತುದಿಗಿಂತ ಇನ್ನೂ 500 ಮೀಟರ್ ಎತ್ತರ. ಬೆಳಿಗ್ಗೆ ನೀರಿನ ಬಾಟಲಿ ಹೆಪ್ಪುಗಟ್ಟಿರುತ್ತದೆ. ಮೊದಲ ಸಲ ಹೋದಾಗ ನನಗೆ ಇದು ಗೊತ್ತಿರಲಿಲ್ಲ. ಹಿಂದಿನ ದಿನ ಝಯಾನ್‌ನಲ್ಲಿ ಬೆವರಿದ್ದೆವು, ಅದೇ ಸಾದಾ ಶೂ ಹಾಕಿಕೊಂಡು ಅಂಚಿನಿಂದ ಕೆಳಗೆ ಹೋಗುವ ನವಾಹೋ ಲೂಪ್ ಕಾಲುದಾರಿ ಇಳಿದೆವು. ನೆರಳಿನ ತಿರುವುಗಳಲ್ಲಿ ತುಳಿದು ತುಳಿದು ಹಿಮ ಗಾಜಿನಂತಾಗಿತ್ತು. ನನ್ನ ಅಪ್ಪ ಎರಡನೇ ತಿರುವಿನಲ್ಲೇ ಜಾರಿ ಮಣಿಕಟ್ಟು ಊರಿ ಬಿದ್ದರು. ಮೂಳೆ ಮುರಿಯಲಿಲ್ಲ, ಆದರೆ ಉಳಿದ ಪ್ರವಾಸ ಪೂರ್ತಿ ಕಾರಿನ ಕಿಟಕಿಯಿಂದಲೇ ನೋಡಿದರು. ಆ ಬೇಸರ ನನಗೆ ಇವತ್ತಿಗೂ ಹೋಗಿಲ್ಲ. ದಯವಿಟ್ಟು ಎಲ್ಲರಿಗೂ ಒಂದೊಂದು ಜೊತೆ ಮೈಕ್ರೋಸ್ಪೈಕ್ ಇಟ್ಟುಕೊಳ್ಳಿ. ಶೂ ಮೇಲೆ ರಬ್ಬರಿನಿಂದ ಎಳೆದು ಹಾಕುವ ಮುಳ್ಳಿನ ಸರಪಳಿ ಅದು, ಹಾಕಲು ಒಂದು ನಿಮಿಷ ಸಾಕು.

ಈಗ ದಾರಿ. ಗ್ರ್ಯಾಂಡ್ ಕ್ಯಾನ್ಯನ್, ಆ್ಯಂಟಲೋಪ್ ಎರಡನ್ನೂ ಈ ಸಲ ಬಿಡಿ. ವೇಗಸ್‌ಗೆ ವಾಪಸ್ ಬರುವ ಸುತ್ತನ್ನೂ ಬಿಡಿ. ಝಯಾನ್ ಹತ್ತಿರ ಎರಡು ರಾತ್ರಿ, ಬ್ರೈಸ್ ಒಂದು, ಕ್ಯಾಪಿಟಲ್ ರೀಫ್ ಹತ್ತಿರದ ಟೋರಿ ಎಂಬ ಪುಟ್ಟ ಊರಲ್ಲಿ ಎರಡು, ಆರ್ಚಸ್ ಪಕ್ಕದ ಊರು ಮೋಆಬ್‌ನಲ್ಲಿ ಎರಡು, ಆಮೇಲೆ ಸಾಲ್ಟ್ ಲೇಕ್ ಸಿಟಿಯಿಂದ ವಿಮಾನ. ಮೋಆಬ್‌ನಿಂದ ಅಲ್ಲಿಗೆ ನಾಲ್ಕು ಗಂಟೆ. ಬಾಡಿಗೆ ಕಾರನ್ನು ಬೇರೆ ಊರಲ್ಲಿ ಬಿಡಲು ಹೆಚ್ಚು ದುಡ್ಡು ಕೇಳುತ್ತಾರೆ, ಕೊಡಿ. ಒಂದಿಡೀ ದಿನದ ಡ್ರೈವಿಂಗ್ ಉಳಿಯುತ್ತದೆ. ಗ್ರ್ಯಾಂಡ್ ಕ್ಯಾನ್ಯನ್ ಬಿಡೋದು ಅಪ್ಪ ಅಮ್ಮನಿಗೆ ಬೇಸರವಾಗಬಹುದು. 19ನೇ ಶತಮಾನದಲ್ಲಿ ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿ ಅಲ್ಲಿನ ಶಿಖರಗಳಿಗೆ ವಿಷ್ಣು ದೇಗುಲ, ಶಿವ ದೇಗುಲ ಅಂತ ಹೆಸರಿಟ್ಟ. ಕಣಿವೆಯ ತಳದ ಅತಿ ಹಳೆಯ ಕಲ್ಲಿಗೂ ವಿಷ್ಣುವಿನ ಹೆಸರೇ ಇದೆ. ಅಮ್ಮನಿಗೆ ಹೇಳಿದರೆ ನೋಡಲೇಬೇಕು ಅನ್ನುತ್ತಾರೆ. ಆದರೂ ಅದನ್ನು ಮೂರು ದಿನದ ಬೇರೆ ಪ್ರವಾಸ ಮಾಡಿ, ಅಂಚಿನಲ್ಲಿ ಕೂತು ಸಂಜೆ ನೋಡುವ ಪುರಸೊತ್ತು ಸಿಗುತ್ತದೆ.

ಮೊದಲ ದಿನ ನೆನಪಿಡಿ: ನೆವಾಡ ದಾಟಿ ಯೂಟಾಗೆ ಹೋದರೆ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಝಯಾನ್‌ನ ಮುಖ್ಯ ಕಣಿವೆಯೊಳಗೆ ಏಪ್ರಿಲ್ ಹೊತ್ತಿಗೆ ಸ್ವಂತ ಕಾರು ಬಿಡುವುದಿಲ್ಲ, ಪಾರ್ಕಿನ ಉಚಿತ ಬಸ್ಸೇ ಗತಿ. ಬೆಳಿಗ್ಗೆ ಏಳು ಗಂಟೆಯೊಳಗೆ ಸರದಿಯಲ್ಲಿರಿ. ಹಿರಿಯರಿಗೆ ಕೊನೆಯ ಸ್ಟಾಪಿನ ರಿವರ್‌ಸೈಡ್ ವಾಕ್ ಹೇಳಿ ಮಾಡಿಸಿದ್ದು, ಹೋಗಿ ಬರಲು 2.2 ಮೈಲಿ, ಗಟ್ಟಿ ದಾರಿ, ಪಕ್ಕದಲ್ಲೇ ಹೊಳೆ. ದಾರಿಯುದ್ದಕ್ಕೂ ಬಂಡೆಯಲ್ಲಿ ಓರೆ ಓರೆ ಗೆರೆ ಕಾಣುತ್ತವೆ. ಡೈನೋಸಾರ್ ಕಾಲದ ಮರಳುದಿಬ್ಬಗಳು ಗಾಳಿ ಬೀಸಿದ ಓರೆಯಲ್ಲೇ ಕಲ್ಲಾಗಿರುವ ಗುರುತು ಅವು. ಬಾದಾಮಿಯ ಕೆಂಪುಕಲ್ಲು ನೋಡಿದವರಿಗೆ ಬಣ್ಣ ಪರಿಚಿತ ಅನ್ನಿಸುತ್ತದೆ, ಆದರೆ ಬಾದಾಮಿಯದು ಇದಕ್ಕಿಂತ ಎಷ್ಟೋ ಹಳೆಯದು.

ನಿಮ್ಮ ಪಟ್ಟಿಯಲ್ಲಿ ನ್ಯಾರೋಸ್ ಇದೆ, ಅಂದರೆ ಹೊಳೆಯೊಳಗೇ ನಡೆಯುವುದು. ಏಪ್ರಿಲ್‌ನಲ್ಲಿ ಅದನ್ನು ನಂಬಿಕೊಳ್ಳಬೇಡಿ. ಮೇಲಿನ ಹಿಮ ಕರಗಿ ಹರಿವು ಸೆಕೆಂಡಿಗೆ 150 ಘನ ಅಡಿ ದಾಟಿದರೆ ಪಾರ್ಕಿನವರು ಮುಚ್ಚುತ್ತಾರೆ, ಹಿಮ ಜಾಸ್ತಿ ಬಿದ್ದ ವರ್ಷ ವಾರಗಟ್ಟಲೆ ತೆರೆಯುವುದಿಲ್ಲ. ತೆರೆದಿದ್ದರೂ ನೀರು ಕೊರೆಯುತ್ತದೆ. ಝಯಾನ್‌ನದೇ ಕಡಿದಾದ ಬಂಡೆತುದಿ ಏಂಜಲ್ಸ್ ಲ್ಯಾಂಡಿಂಗ್‌ಗೆ 2022ರ ಏಪ್ರಿಲ್‌ನಿಂದ ಪರ್ಮಿಟ್ ಬೇಕು, ಲಾಟರಿ. ಹಿಂದಿನ ದಿನದ ಲಾಟರಿಯೂ ಇದೆ. ಅಪ್ಪ ಅಮ್ಮ ಕೆಳಗೆ ಆರಾಮಾಗಿ ಕೂರುವುದಾದರೆ ಮಾತ್ರ ನೀವು ಪ್ರಯತ್ನಿಸಿ.

ಬ್ರೈಸ್‌ನಲ್ಲಿ ಸನ್‌ರೈಸ್ ಪಾಯಿಂಟಿನಿಂದ ಸನ್‌ಸೆಟ್ ಪಾಯಿಂಟಿನವರೆಗೆ ಅರ್ಧ ಮೈಲಿ ಸಮತಟ್ಟು ದಾರಿ, ಹಿರಿಯರಿಗೆ ಅಷ್ಟೇ ಸಾಕು. ಅಲ್ಲಿಂದಲೇ ಸಾವಿರಾರು ಕಲ್ಲಿನ ಕಂಬಗಳು ಕಾಣುತ್ತವೆ. ರಾತ್ರಿ ಬಿರುಕಿನ ನೀರು ಹೆಪ್ಪುಗಟ್ಟಿ ಉಬ್ಬಿ, ಹಗಲು ಕರಗಿ ಕಲ್ಲನ್ನು ಒಡೆಯುತ್ತಾ ಬಂದು ಆದವು ಅವು.

ಬ್ರೈಸ್‌ನಿಂದ ಟೋರಿಗೆ 12ನೇ ಹೆದ್ದಾರಿ. ಇಡೀ ಪ್ರವಾಸದಲ್ಲಿ ನನಗೆ ತುಂಬ ಪ್ರೀತಿಯ ರಸ್ತೆ ಇದು. ಸುಮಾರು ಎರಡೂವರೆ ಗಂಟೆ ಅಂತ ಮ್ಯಾಪ್ ತೋರಿಸುತ್ತದೆ, ನೀವು ಇಡೀ ಹಗಲು ಕೊಡಿ. ಒಂದು ಕಡೆ ರಸ್ತೆ ಗುಡ್ಡದ ನೆತ್ತಿಯ ಮೇಲೇ ಹೋಗುತ್ತದೆ, ಎರಡೂ ಬದಿ ಪ್ರಪಾತ. ಕೊನೆಯಲ್ಲಿ ಬೋಲ್ಡರ್ ಮೌಂಟನ್ ಹತ್ತುವಾಗ 2,900 ಮೀಟರ್ ಮುಟ್ಟುತ್ತೀರಿ, ಅಲ್ಲಿ ಏಪ್ರಿಲ್‌ನಲ್ಲೂ ಹಿಮ ಬೀಳುತ್ತದೆ. ಕತ್ತಲಾದ ಮೇಲೆ ಬೇಡವೇ ಬೇಡ, ಜಿಂಕೆ, ದನ ಎರಡೂ ಅಡ್ಡ ಬರುತ್ತವೆ. ನಡುವೆ ಲೋವರ್ ಕಾಫ್ ಕ್ರೀಕ್ ಜಲಪಾತ ಇದೆ, 126 ಅಡಿ. ಹೋಗಿ ಬರಲು ಆರು ಮೈಲಿ, ಬಹುಪಾಲು ಸಡಿಲ ಮರಳು, ಹಾಗಾಗಿ ಆರು ಮೈಲಿ ಎಂಟರ ಹಾಗೆ ಕಾಲು ನೋಯಿಸುತ್ತದೆ.

ಇದೇ ಹೆದ್ದಾರಿಯಲ್ಲಿ ಸಿಗುವ ಎಸ್ಕಲಾಂಟೆ ಊರಿನ ಸುತ್ತಮುತ್ತಲಿನ ಮಣ್ಣಿನ ರಸ್ತೆಗಳನ್ನು ಒಣಗಿದ್ದಾಗ ನೋಡಿ ಮೋಸ ಹೋಗಬೇಡಿ. ಕೆಲವು ಕಡೆ ಜೇಡಿಮಣ್ಣು. ನಾಲ್ಕು ಹನಿ ಬಿದ್ದರೆ ನಮ್ಮ ಕಡೆ ಎರೆಹೊಲದ ದಾರಿ ಆಗುತ್ತಲ್ಲ, ಹಾಗೆಯೇ, ಫೋರ್ ವೀಲ್ ಡ್ರೈವ್ ಇದ್ದರೂ ಚಕ್ರ ಸುಮ್ಮನೆ ತಿರುಗುತ್ತದೆ. ಸ್ಲಾಟ್ ಕ್ಯಾನ್ಯನ್‌ಗೆ, ಅಂದರೆ ಆ ಇಕ್ಕಟ್ಟು ಸೀಳುಗಳಿಗೆ, ಇಳಿಯುವ ಮುನ್ನ ತಲೆ ಮೇಲಿನ ಆಕಾಶ ಒಂದನ್ನೇ ನೋಡಬೇಡಿ. ಮಳೆ ಎಲ್ಲೋ ದೂರದಲ್ಲಿ ಬಿದ್ದು ನೀರು ಇಲ್ಲಿ ಬರುತ್ತದೆ. 2015ರ ಸೆಪ್ಟೆಂಬರ್‌ನಲ್ಲಿ ಝಯಾನ್‌ನ ಕೀಹೋಲ್ ಕ್ಯಾನ್ಯನ್‌ನಲ್ಲಿ ಹೀಗೆ ಏಳು ಜನ ಸತ್ತರು. ಹೆಚ್ಚಿನ ಅಪಾಯ ಜುಲೈನಿಂದ ಸೆಪ್ಟೆಂಬರ್‌ವರೆಗೆ ನಿಜ, ಆದರೂ ರೇಂಜರ್ ಕಚೇರಿಯಲ್ಲಿ ಆ ದಿನದ ಮುನ್ಸೂಚನೆ ಕೇಳದೆ ಇಳಿಯಬೇಡಿ.

ಕ್ಯಾಪಿಟಲ್ ರೀಫ್‌ನಲ್ಲಿ ಅವಸರ ಬೇಡ ಅಂತಲೇ ಎರಡು ರಾತ್ರಿ ಹೇಳಿದ್ದು. ಕೆಂಪು ಗೋಡೆಗಳ ಬುಡದಲ್ಲಿ ಫ್ರೂಟಾ ಎಂಬ ಹಳೆಯ ಹಣ್ಣಿನ ತೋಟಗಳಿವೆ, ಮಾರ್ಚ್, ಏಪ್ರಿಲ್‌ನಲ್ಲಿ ಏಪ್ರಿಕಾಟ್, ಚೆರ್ರಿ, ಪೀಚ್, ಸೇಬು ಒಂದರ ಹಿಂದೊಂದು ಹೂ ಬಿಡುತ್ತವೆ. ಅಮ್ಮನಿಗೆ ಪ್ರವಾಸದ ಅತಿ ಒಳ್ಳೆಯ ಬೆಳಗು ಇದೇ ಆಗಬಹುದು.

ಆರ್ಚಸ್‌ನಲ್ಲಿ ಡೆಲಿಕೇಟ್ ಆರ್ಚ್ ಎಂಬ ಕಲ್ಲಿನ ಕಮಾನಿಗೆ ಹೋಗಿ ಬರಲು ಮೂರು ಮೈಲಿ, 480 ಅಡಿ ಏರು, ನೆರಳಿಲ್ಲ. ಸೂರ್ಯೋದಯದ ಹೊತ್ತಿಗೆ ಹತ್ತಿ. ಕೆಲವು ವರ್ಷ ಒಳಗೆ ಹೋಗಲು ಮುಂಗಡ ಸಮಯ ಕಾಯ್ದಿರಿಸಬೇಕಿತ್ತು, ಹೊರಡುವ ಮುನ್ನ ಪಾರ್ಕಿನ ವೆಬ್‌ಸೈಟ್ ನೋಡಿ. ಅಲ್ಲಿ ಕಪ್ಪು ಗಂಟು ಗಂಟಾದ ನೆಲ ಕಂಡರೆ ಕಾಲಿಡಬೇಡಿ. ಪಾಚಿ, ಶಿಲೀಂಧ್ರಗಳೆಲ್ಲ ಸೇರಿ ಮರಳನ್ನು ಹಿಡಿದಿಟ್ಟ ಜೀವಂತ ಹೊದಿಕೆ ಅದು, ಒಂದು ಹೆಜ್ಜೆಯ ಗಾಯ ಮಾಯಲು ದಶಕಗಳೇ ಬೇಕು.

ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರ್. ಕುಮಾರಪರ್ವತದಲ್ಲಿ ಅಂಗಿ ಒದ್ದೆಯಾದಾಗ ಬೆವರಿದ್ದು ಗೊತ್ತಾಗುತ್ತದೆ, ಇಲ್ಲಿ ಬೆವರು ಬಂದಹಾಗೇ ಆರಿಹೋಗುವುದರಿಂದ ಗೊತ್ತೇ ಆಗುವುದಿಲ್ಲ. ಬಾಯಾರುವ ತನಕ ಕಾಯಬೇಡಿ, ಜೊತೆಗೆ ಉಪ್ಪಿನ ಅಂಶವೂ ಹೊಟ್ಟೆಗೆ ಹೋಗಲಿ. ಬ್ರೆಡ್ ಆ ಗಾಳಿಗೆ ಹಪ್ಪಳವಾಗುತ್ತದೆ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೊನೆಯ ದಿನದವರೆಗೂ ಕೆಡುವುದಿಲ್ಲ. ಕಿತ್ತಳೆ ಸಿಪ್ಪೆ ಕೂಡ ವಾಪಸ್ ತನ್ನಿ, ಆ ಒಣ ನೆಲದಲ್ಲಿ ಅದು ಬೇಗ ಕೊಳೆಯುವುದಿಲ್ಲ.

ದುಡ್ಡಿನ ವಿಷಯ ಒಂದಿದೆ. 2026ರ ಜನವರಿಯಿಂದ ಪಾರ್ಕುಗಳ ವಾರ್ಷಿಕ ಪಾಸ್ ಅಮೆರಿಕದ ನಿವಾಸಿಗಳಿಗೆ 80 ಡಾಲರ್, ಹೊರದೇಶದವರಿಗೆ 250. ಪಾಸ್ ಇಲ್ಲದ, 16 ವರ್ಷ ತುಂಬಿದ ಹೊರದೇಶದವರಿಗೆ 11 ಪಾರ್ಕುಗಳಲ್ಲಿ ತಲೆಗೆ 100 ಡಾಲರ್ ಹೆಚ್ಚುವರಿ. ಝಯಾನ್, ಬ್ರೈಸ್ ಎರಡೂ ಆ ಪಟ್ಟಿಯಲ್ಲಿವೆ. ಯಾರ ಹೆಸರಲ್ಲಿ ಯಾವ ಪಾಸ್ ಅಂತ ಮನೆಯಲ್ಲೇ ಲೆಕ್ಕ ಹಾಕಿ, ಗುರುತಿನ ಚೀಟಿ ಕೈಯಲ್ಲಿರಲಿ.

ಅಪ್ಪನ ಮೊಣಕಾಲು ಹೇಗಿದೆ, ಅಮ್ಮ ಎಷ್ಟು ದೂರ ನಡೆಯುತ್ತಾರೆ ಅಂತ ಬರೆಯಿರಿ. ಫ್ರೂಟಾ ಹತ್ತಿರದ ಹಿಕ್ಮನ್ ಬ್ರಿಜ್ ಎಂಬ ನೈಸರ್ಗಿಕ ಕಲ್ಲಿನ ಸೇತುವೆಗೆ ಹೋಗಿ ಬರಲು 1.8 ಮೈಲಿ, ಶುರುವಿನ ಏರು ಮಾತ್ರ ಸ್ವಲ್ಪ ಕಷ್ಟ. ಅವರಿಗೆ ಆಗುತ್ತದೋ ಇಲ್ಲವೋ ಅದನ್ನು ನೋಡಿ ಹೇಳುತ್ತೇನೆ.