ಪ್ರಾರ್ಥನೆ ಸರಿ, ಯಾರ ಪ್ರಾರ್ಥನೆ?

ಮಂಗಳೂರಿನ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಅಮೆರಿಕದಲ್ಲಿರುವ ಮೊಮ್ಮಗಳ ಸರ್ಕಾರಿ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಯೇ ಇಲ್ಲ. 1962ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ದೇವರನ್ನೇ ಶಾಲೆಯಿಂದ ಹೊರಹಾಕಿತಂತೆ. ಆಗಿನ ಅಧ್ಯಕ್ಷ ಕೆನಡಿ ನಮ್ಮ ಹಾಗೆ ಕ್ಯಾಥೊಲಿಕರು. ಅವರು ಹೇಗೆ ಸುಮ್ನೆ ಕೂತರು?’

ಮೇಷ್ಟ್ರೇ, ಅವರು ಸುಮ್ನೆ ಕೂರಲಿಲ್ಲ. ಪತ್ರಕರ್ತರು ಕೇಳಿದಾಗ, ಇದಕ್ಕೆ ಸುಲಭದ ದಾರಿ ಇದೆ, ನಾವೇ ಮನೆಯಲ್ಲಿ ಜಾಸ್ತಿ ಪ್ರಾರ್ಥಿಸೋಣ ಎಂದರು. ಸಿಟ್ಟಾದವರು ನ್ಯೂಯಾರ್ಕಿನ ಹಿರಿಯ ಕ್ಯಾಥೊಲಿಕ್ ಧರ್ಮಗುರು, ಕಾರ್ಡಿನಲ್ ಸ್ಪೆಲ್ಮನ್. ತೀರ್ಪು ಕೇಳಿ ಆಘಾತವಾಗಿದೆ, ಭಯವಾಗಿದೆ ಎಂದುಬಿಟ್ಟರು. ಒಂದೇ ಧರ್ಮಸಭೆ, ಎರಡು ಮಾತು.

ಮಕ್ಕಳು ಪ್ರಾರ್ಥಿಸಬಾರದು ಎಂದು ಕೋರ್ಟು ಹೇಳಿರಲಿಲ್ಲ. ನ್ಯೂಯಾರ್ಕ್ ರಾಜ್ಯದ ಶಿಕ್ಷಣ ಮಂಡಳಿ ತಾನೇ 22 ಪದಗಳ ಪ್ರಾರ್ಥನೆ ಬರೆದಿತ್ತು. ಬೇಡದವರು ಹೇಳದೆ ಇರಬಹುದಿತ್ತು. ಆದರೂ ಪ್ರಾರ್ಥನೆ ಬರೆದುಕೊಡುವುದು ಸರ್ಕಾರದ ಕೆಲಸವಲ್ಲ, ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸಬಾರದು ಎನ್ನುವ ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿ ಅದಕ್ಕೆ ಅಡ್ಡ ಬರುತ್ತದೆ ಎಂದಿತು ಕೋರ್ಟು. ಮರುವರ್ಷ ತರಗತಿಯ ಬೈಬಲ್ ಓದಿಗೂ ಅದೇ ಮಾತು. ಆ ಪೀಠದಲ್ಲಿದ್ದ ಒಬ್ಬರೇ ಕ್ಯಾಥೊಲಿಕ್ ನ್ಯಾಯಮೂರ್ತಿ ಬ್ರೆನನ್ ಕೂಡ ಒಪ್ಪಿದರು.

ನನಗೂ ಅದೇ ಸರಿ ಅನ್ನಿಸುತ್ತದೆ. ಯಾಕೆಂದರೆ ಒಂದು ಬೆತ್ತದ ಕಥೆ ಮರೆಯುವಂಥದ್ದಲ್ಲ. 1859ರಲ್ಲಿ ಬಾಸ್ಟನ್ನಿನ ಸರ್ಕಾರಿ ಶಾಲೆಯೊಂದರಲ್ಲಿ ಥಾಮಸ್ ವಾಲ್ ಎಂಬ ಕ್ಯಾಥೊಲಿಕ್ ಹುಡುಗನಿಗೆ ಬೈಬಲಿನ ಹತ್ತು ಆಜ್ಞೆ ಹೇಳು ಅಂದರು. ಅವನು ಒಪ್ಪಲಿಲ್ಲ. ಆಜ್ಞೆಗಳೇನೋ ಅವೇ, ಲೆಕ್ಕ ಬೇರೆ. ವಿಗ್ರಹ ಬೇಡ ಎಂಬುದು ಹೆಚ್ಚಿನ ಪ್ರೊಟೆಸ್ಟೆಂಟರಲ್ಲಿ ಎರಡನೆಯ ಆಜ್ಞೆ, ನಿಮ್ಮಲ್ಲಿ ಮೊದಲನೆಯದರ ಒಳಗೇ ಸೇರಿದೆ. ಶಾಲೆ ಕೇಳಿದ್ದು ಪ್ರೊಟೆಸ್ಟೆಂಟ್ ಪಾಠ. ಮೇಷ್ಟ್ರು ಅವನ ಅಂಗೈಗೆ ಸುಮಾರು ಅರ್ಧ ಗಂಟೆ ಬಾರಿಸಿದರು. (ನಿಮಗೂ ಬೆತ್ತದ ಪರಿಚಯ ಇರಬೇಕು, ಆದರೆ ಅರ್ಧ ಗಂಟೆ!) ಕೇಸು ಹಾಕಿದರೆ ಮೇಷ್ಟ್ರೇ ಗೆದ್ದರು. ಅದಕ್ಕೂ ಮೊದಲು, 1844ರಲ್ಲಿ, ಶಾಲೆಯಲ್ಲಿ ಯಾರ ಬೈಬಲ್ ಓದಬೇಕೆಂಬ ಜಗಳ ಬೆಳೆದು ಫಿಲಡೆಲ್ಫಿಯಾದಲ್ಲಿ ಎರಡು ಕ್ಯಾಥೊಲಿಕ್ ಚರ್ಚುಗಳು ಸುಟ್ಟುಹೋದವು. ಅಲ್ಲಿನ ಕ್ಯಾಥೊಲಿಕರು ತಮ್ಮದೇ ಶಾಲೆಗಳನ್ನು ಕಟ್ಟಿಕೊಂಡಿದ್ದು ಸುಮ್ನೆ ಅಲ್ಲ.

ಎರಡು ಮಾತು ಈಗಲೂ ಇದೆ. 2022ರಲ್ಲಿ ಸರ್ಕಾರಿ ಶಾಲೆಯ ಫುಟ್‌ಬಾಲ್ ಕೋಚ್ ಒಬ್ಬರು (ಇವರೂ ಕೆನಡಿಯೇ!) ಆಟ ಮುಗಿದ ಮೇಲೆ ಮೈದಾನದಲ್ಲಿ ಮಂಡಿಯೂರಿ ಪ್ರಾರ್ಥಿಸಿದ್ದು ಸರಿ ಎಂದಿತು ಕೋರ್ಟು. ಹಾಗೆಂದ ಆರು ನ್ಯಾಯಮೂರ್ತಿಗಳಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಒಪ್ಪದೆ ಬೇರೆ ತೀರ್ಪು ಬರೆದ ಸೊಟೊಮೇಯರ್ ಬೆಳೆದಿದ್ದೂ ಕ್ಯಾಥೊಲಿಕ್ ಮನೆಯಲ್ಲೇ.

ಇನ್ನು ನಿಮ್ಮ ಮೊಮ್ಮಗಳು. ಬುತ್ತಿ ಬಿಚ್ಚುವ ಮೊದಲು ಅವಳು ಶಿಲುಬೆ ಗುರುತು ಹಾಕಿಕೊಂಡರೆ ಅಲ್ಲಿ ಯಾರೂ ತಡೆಯುವ ಹಾಗಿಲ್ಲ. ಹಾಕಿಕೋ ಎಂದು ಟೀಚರ್ ಹೇಳುವ ಹಾಗೂ ಇಲ್ಲ, ಅಷ್ಟೇ.