ಪೊಲೀಸರಿಗೆ ಪ್ರಾಸಿಕ್ಯೂಟರ್ ಬಾಸ್ ಅಲ್ವಾ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ ಸುತ್ತ ಇವೆ. ತನಿಖೆ ಮಾಡುವವರ ಮೇಲೆ ಕಣ್ಣಿಡುವವರು ಯಾರು, ಸರ್ಕಾರಿ ವಕೀಲರಿಗೂ (ಅಂದರೆ ಪ್ರಾಸಿಕ್ಯೂಟರ್‌ಗಳಿಗೂ) ಅದಕ್ಕೂ ಏನು ಸಂಬಂಧ ಅಂತ. ಪತ್ರಗಳನ್ನು ಸ್ವಲ್ಪ ಕತ್ತರಿಸಿ ಕೊಟ್ಟಿದ್ದೇನೆ.

ನಮ್ಮ ಅಂಗಡಿಯಲ್ಲಿ ಕಳ್ಳತನ ಆಗಿ ತಿಂಗಳುಗಳೇ ಕಳೆದವು. ಎಫ್‌ಐಆರ್ ಆಗಿದೆ. ಆದರೆ ತನಿಖಾಧಿಕಾರಿ ಎದುರು ಅಂಗಡಿಯ ಸಿಸಿಟಿವಿಯನ್ನು ಇವತ್ತಿಗೂ ನೋಡಿಲ್ಲ. ಕೋರ್ಟಿನ ಎಪಿಪಿಯವರನ್ನು (ಸಹಾಯಕ ಸರ್ಕಾರಿ ವಕೀಲರನ್ನು) ಕಂಡೆ. 'ಅದು ನನ್ನ ಕೈಯಲ್ಲಿಲ್ಲ' ಅಂದರು. ಮತ್ತೆ ಯಾರ ಕೈಯಲ್ಲಿದೆ?
– ಓದುಗರು, ಶಿವಮೊಗ್ಗ

ಅವರು ನಿಮ್ಮನ್ನು ಸಾಗಹಾಕೋಕೆ ಹಾಗೆ ಹೇಳಿದ್ದಲ್ಲ. ನಿಜವಾಗಿಯೂ ಅವರ ಕೈಯಲ್ಲಿಲ್ಲ. ನಮ್ಮಲ್ಲಿ ಪೊಲೀಸ್ ಇಲಾಖೆಯೇ ಬೇರೆ, ಪ್ರಾಸಿಕ್ಯೂಟರ್‌ಗಳ ಇಲಾಖೆಯೇ ಬೇರೆ. ಯಾರನ್ನು ವಿಚಾರಿಸಬೇಕು, ಏನನ್ನು ವಶಕ್ಕೆ ತಗೋಬೇಕು, ಯಾರ ಮೇಲೆ ಚಾರ್ಜ್‌ಶೀಟ್ ಹಾಕಬೇಕು, ಯಾವಾಗ ಬಿ ರಿಪೋರ್ಟ್ ಹಾಕಿ ಕೇಸು ಮುಚ್ಚಬೇಕು ಅನ್ನೋದೆಲ್ಲ ತನಿಖಾಧಿಕಾರಿಯ ತೀರ್ಮಾನ. 2000ರಲ್ಲಿ ಸುಪ್ರೀಂ ಕೋರ್ಟ್ ಆರ್. ಸರಳಾ ಪ್ರಕರಣದಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿದೆ. ತಮಿಳುನಾಡಿನಲ್ಲಿ ಮದುವೆಯಾದ ಯುವತಿಯೊಬ್ಬರ ಸಾವಿನ ಪ್ರಕರಣ ಅದು. ಕಡತವನ್ನು ಪಬ್ಲಿಕ್ ಪ್ರಾಸಿಕ್ಯೂಟರ್ (ಪಿಪಿ) ಮುಂದಿಟ್ಟು, ಅವರ ಅಭಿಪ್ರಾಯ ಪಡೆದು, ಹೊಸದಾಗಿ ಚಾರ್ಜ್‌ಶೀಟ್ ಹಾಕಿ ಅಂತ ಮದ್ರಾಸ್ ಹೈಕೋರ್ಟ್ ಪೊಲೀಸರಿಗೆ ಹೇಳಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ತನಿಖೆ ಒಂದು, ಪ್ರಾಸಿಕ್ಯೂಷನ್ ಇನ್ನೊಂದು, ಪಿಪಿಯನ್ನು ಕೇಳಿಯೇ ಅಭಿಪ್ರಾಯಕ್ಕೆ ಬರಬೇಕು ಅಂತ ಪೊಲೀಸರಿಗೆ ಕಟ್ಟುಪಾಡು ಹಾಕೋ ಹಾಗಿಲ್ಲ ಅಂದಿತು.

ಹಾಗಾಗಿ ನೀವು ಹೋಗಬೇಕಾದ ಬಾಗಿಲು ಬೇರೆ. ಮೊದಲು ಡಿವೈಎಸ್‌ಪಿ, ಎಸ್‌ಪಿ. ಠಾಣಾಧಿಕಾರಿಗೆ ಇರುವ ಅಧಿಕಾರವೆಲ್ಲ ಮೇಲಧಿಕಾರಿಗಳಿಗೂ ಇದೆ ಅಂತ ಕಾನೂನೇ ಹೇಳುತ್ತದೆ. ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಬಾಯಿ ಮಾತಿಗೆ ಹೋಗಿ ಬಂದರೆ ಉಪಯೋಗ ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ತಿಳಿಸಲೇಬೇಕು (193ನೇ ಕಲಂ). ನಿಮಗೆ ತಿಳಿಸಿಲ್ಲ ಅಂದರೆ ಅರ್ಜಿಯಲ್ಲಿ ಅದನ್ನೇ ಮೊದಲ ಸಾಲು ಮಾಡಿ. ಎಸ್‌ಪಿ ಕಡೆಯಿಂದಲೂ ಏನೂ ಆಗದಿದ್ದರೆ 175(3)ರ ಅಡಿ ಅಫಿಡವಿಟ್ ಜೊತೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ. ತನಿಖೆ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ ಅಂತ 2007ರಲ್ಲೇ ಸಕಿರಿ ವಾಸು ಪ್ರಕರಣದಲ್ಲಿ ತೀರ್ಪಾಗಿದೆ.

ಇದೆಲ್ಲಕ್ಕಿಂತ ಮೊದಲು, ಇವತ್ತೇ, ಎದುರು ಅಂಗಡಿಯವರ ಹತ್ತಿರ ಹೋಗಿ ಆ ದೃಶ್ಯ ಇನ್ನೂ ಉಳಿದಿದೆಯಾ ಕೇಳಿ. ದೃಶ್ಯ ದಾಖಲಿಸುವ ಪೆಟ್ಟಿಗೆ, ಅಂದರೆ ಡಿವಿಆರ್, ತುಂಬಿದ ಹಾಗೆ ಹಳೆಯದರ ಮೇಲೇ ಹೊಸದು ಬರೆಯುತ್ತಾ ಹೋಗುತ್ತದೆ. ಉಳಿದಿದ್ದರೆ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಸುಮ್ಮನಾಗಬೇಡಿ, ಆ ಡಿವಿಆರ್ ಅನ್ನೇ ಎತ್ತಿಡೋಕೆ ಹೇಳಿ.

ನಾವಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಮಗಳ ಗೆಳತಿಯ ಅಪ್ಪ ಡಿಸ್ಟ್ರಿಕ್ಟ್ ಅಟಾರ್ನಿ ಕಚೇರಿಯಲ್ಲಿ ಕ್ರಿಮಿನಲ್ ತನಿಖಾಧಿಕಾರಿಗಳ ಮೇಲ್ವಿಚಾರಕರು. ಸೊಂಟದಲ್ಲಿ ಗನ್, ಬ್ಯಾಡ್ಜ್ ಎಲ್ಲ ಇದೆ, ಆದರೆ ಸಿಟಿ ಪೊಲೀಸ್ ಅಲ್ಲ. ವಕೀಲರ ಆಫೀಸಿಗೆ ಸ್ವಂತ ಪೊಲೀಸ್ ಯಾಕೆ? ಊರಲ್ಲಿ ಹೇಳಿದರೆ ಯಾರೂ ನಂಬ್ತಿಲ್ಲ.
– ಓದುಗರು, ಸ್ಯಾನ್ ಹೋಸೆ

ನಂಬಲಿ ಬಿಡಲಿ, ವಿಷಯ ನಿಜ. ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿಗಳು, ಒಂದೊಂದಕ್ಕೂ ಒಬ್ಬ ಡಿಸ್ಟ್ರಿಕ್ಟ್ ಅಟಾರ್ನಿ, ಅವರು ಜನರಿಂದ ಚುನಾಯಿತರಾಗಿ ಬರುವವರು. ಅವರ ಕಚೇರಿಯ ತನಿಖಾಧಿಕಾರಿಗಳಿಗೂ ಪೊಲೀಸ್ ಅಧಿಕಾರ ಉಂಟು ಅಂತ ಅಲ್ಲಿನ ದಂಡ ಸಂಹಿತೆಯ 830.1ನೇ ಕಲಂ ಹೇಳುತ್ತದೆ. ಹೆಚ್ಚಿನವರು ಯಾವುದಾದರೂ ಪೊಲೀಸ್ ಇಲಾಖೆಯಲ್ಲಿ ಪಳಗಿ ಬಂದವರೇ.

ಯಾಕೆ ಬೇಕು ಅಂದರೆ, ಪೊಲೀಸರ ಕೆಲಸ ಜಾಸ್ತಿ ಪಾಲು ಬಂಧನದೊಂದಿಗೆ ಮುಗಿಯುತ್ತದೆ. ವಕೀಲರ ಕೆಲಸ ಶುರುವಾಗುವುದೇ ಅಲ್ಲಿಂದ. ಮಧ್ಯದ ಕಂದಕ ದೊಡ್ಡದು. ಸಾಕ್ಷಿ ಮನೆ ಬದಲಾಯಿಸಿರುತ್ತಾಳೆ. ಪೊಲೀಸರಿಗೆ ಹೇಳಿದ್ದ ಸಮಯಕ್ಕೂ ಫೋನಿನ ದಾಖಲೆಗೂ ತಾಳೆ ಆಗಲ್ಲ. ಇವನ್ನೆಲ್ಲ ಹುಡುಕಿ ಸರಿಯಾಗಿ ತಿಳಿದುಕೊಳ್ಳಲು ಯಾರಾದರೂ ಬೇಕಲ್ಲ. ವಕೀಲರೇ ಹೋಗಬಹುದಲ್ವಾ ಅಂತ ನೀವು ಕೇಳಬಹುದು. ಅಲ್ಲೊಂದು ತೊಡಕಿದೆ. ಪ್ರಾಸಿಕ್ಯೂಟರ್ ಒಬ್ಬರೇ ಕೂತು ಸಾಕ್ಷಿಯನ್ನು ಮಾತಾಡಿಸಿದರು ಅಂತಿಟ್ಟುಕೊಳ್ಳಿ. ಕೋರ್ಟಿನಲ್ಲಿ ಆ ಸಾಕ್ಷಿ ಉಲ್ಟಾ ಹೊಡೆದರೆ, 'ಇಲ್ಲ, ಅವತ್ತು ಹೀಗಂದಿದ್ದಳು' ಅಂತ ಕಟಕಟೆ ಹತ್ತಿ ಹೇಳುವವರು ಯಾರು? ವಾದ ಮಾಡುವ ವಕೀಲರೇ ಸಾಕ್ಷಿಯಾಗುವಂತಿಲ್ಲ. ಅದಕ್ಕೇ ಪಕ್ಕದಲ್ಲಿ ಒಬ್ಬ ತನಿಖಾಧಿಕಾರಿ ಕೂತಿರುತ್ತಾರೆ. ನೋಟ್ಸ್ ಅವರದು, ವರದಿ ಅವರದು, ಬೇಕಾದರೆ ಸಾಕ್ಷ್ಯವೂ ಅವರದು. ಇದರ ಜೊತೆಗೆ ಸರ್ಕಾರಿ ನೌಕರರ ಭ್ರಷ್ಟಾಚಾರ, ಪೊಲೀಸರೇ ಗುಂಡು ಹಾರಿಸಿದ ಪ್ರಕರಣ, ಇಂಥವನ್ನು ಪೊಲೀಸರೇ ನೋಡಿಕೊಳ್ಳಲಿ ಅಂತ ಬಿಡೋಕಾಗಲ್ಲ. ಅಲ್ಲೂ ಇವರು ಬರುತ್ತಾರೆ.

ಈಗ ನಿಮ್ಮ ಪರಿಚಯದವರ ಕೆಲಸಕ್ಕೆ ಬರೋಣ. ಅವರ ಕೈಕೆಳಗಿನ ತನಿಖಾಧಿಕಾರಿಗೆ ಇಬ್ಬರು ಯಜಮಾನರು. ಕೇಸಿಗೆ ಏನು ಬೇಕು ಅನ್ನುವುದು ವಕೀಲರು. ಅದನ್ನು ಹೇಗೆ ಮಾಡಬೇಕು, ಯಾರು ಮಾಡಬೇಕು, ಮಾಡಬಹುದಾ ಇಲ್ಲವಾ ಅನ್ನುವುದು ಮೇಲ್ವಿಚಾರಕರು. ಸೋಮವಾರ ವಿಚಾರಣೆ ಇಟ್ಟುಕೊಂಡು ಶುಕ್ರವಾರ ಸಂಜೆ 'ಈ ಸಾಕ್ಷಿ ಎಲ್ಲಿದ್ದಾನೋ ಹುಡುಕಿ ಕೊಡಿ' ಅನ್ನುವ ವಕೀಲರು ಎಲ್ಲ ದೇಶದಲ್ಲೂ ಇದ್ದಾರೆ! ಅಂಥ ಬೇಡಿಕೆಗಳಲ್ಲಿ ಯಾವುದು ನಿಜಕ್ಕೂ ತುರ್ತು, ಯಾವುದು ಸುಮ್ನೆ ಅವರ ಗಾಬರಿ ಅಂತ ಬೇರ್ಪಡಿಸಬೇಕು. ಸರ್ಚ್ ವಾರೆಂಟ್ ಅರ್ಜಿಯನ್ನು ನ್ಯಾಯಾಧೀಶರಿಗಿಂತ ಮೊದಲು ತಾವು ಓದಬೇಕು. ಬಾಗಿಲು ತಟ್ಟಲು ಹೋಗುವವರು ಎಷ್ಟು ಜನ, ಒಳಗೆ ಮಕ್ಕಳಿದ್ದಾರಾ ಅಂತ ಕೇಳಬೇಕು.

ಇವೆಲ್ಲ ಆಡಳಿತದ ಮಾತಾಯಿತು. ನನಗೆ ಮುಖ್ಯ ಅನ್ನಿಸುವುದು ಬೇರೆ. 1963ರ ಬ್ರೇಡಿ ತೀರ್ಪಿನಿಂದ ಅಮೆರಿಕದಲ್ಲಿ ಒಂದು ನಿಯಮ ಇದೆ. ಆರೋಪಿಗೆ ಅನುಕೂಲವಾಗುವ ಮಹತ್ವದ ವಿಷಯ ಏನೇ ಇದ್ದರೂ ಪ್ರಾಸಿಕ್ಯೂಷನ್ ಅದನ್ನು ಎದುರಿನವರಿಗೆ ಕೊಡಬೇಕು. 1995ರಲ್ಲಿ ಕೈಲ್ಸ್ ಪ್ರಕರಣ ಬಂತು. ನ್ಯೂ ಆರ್ಲಿಯನ್ಸ್‌ನ ಸೂಪರ್‌ಮಾರ್ಕೆಟ್ ಪಾರ್ಕಿಂಗ್‌ನಲ್ಲಿ ವಯಸ್ಸಾದ ಮಹಿಳೆಯೊಬ್ಬರ ಕೊಲೆ. ಕೈಲ್ಸ್‌ಗೆ ಮರಣದಂಡನೆ ಆಗಿತ್ತು. ಅವನ ಹೆಸರು ಪೊಲೀಸರಿಗೆ ಕೊಟ್ಟ ಮಾಹಿತಿದಾರ ಒಮ್ಮೆ ಒಂಥರ, ಇನ್ನೊಮ್ಮೆ ಇನ್ನೊಂಥರ ಹೇಳಿದ್ದ. ಸತ್ತ ಮಹಿಳೆಯ ಕಾರು ಇದ್ದದ್ದೂ ಆ ಮಾಹಿತಿದಾರನ ಬಳಿಯೇ. ಆ ತಾಳೆಯಾಗದ ಹೇಳಿಕೆಗಳು ಆರೋಪಿಯ ವಕೀಲರಿಗೆ ಸಿಗಲೇ ಇಲ್ಲ. ಪೊಲೀಸರ ಕಡತದಲ್ಲಿತ್ತು, ನನಗೆ ಗೊತ್ತಿರಲಿಲ್ಲ ಅಂತ ಪ್ರಾಸಿಕ್ಯೂಟರ್ ಕೈ ತೊಳೆದುಕೊಳ್ಳುವಂತಿಲ್ಲ, ಪೊಲೀಸರಿಗೆ ಏನು ಗೊತ್ತಿದೆ ಅಂತ ತಿಳಿದುಕೊಳ್ಳುವುದೂ ಅವರದೇ ಹೊಣೆ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿತು. ಹಾಗಾಗಿ ಒಳ್ಳೆಯ ಮೇಲ್ವಿಚಾರಕರು ತಮ್ಮ ಹುಡುಗರ ವರದಿ ಓದುವಾಗ 'ಆರೋಪಿ ಸಿಕ್ಕಿಬಿದ್ದನಾ' ಅಂತ ಮಾತ್ರ ನೋಡಲ್ಲ. 'ಇದರಲ್ಲಿ ಏನನ್ನು ಬಿಟ್ಟಿದ್ದೀಯ' ಅಂತ ಕೇಳುತ್ತಾರೆ. ಮುಂದಿನ ಸಲ ಸಿಕ್ಕಾಗ ಅವರನ್ನೇ ಈ ಬಗ್ಗೆ ಮಾತಾಡಿಸಿ ನೋಡಿ, ಗನ್ ವಿಷಯಕ್ಕಿಂತ ಇದು ಸ್ವಾರಸ್ಯ.

ಹಾಗಾದರೆ ನಮ್ಮಲ್ಲೂ ಪಿಪಿಗಳ ಕೈಗೆ ತನಿಖಾಧಿಕಾರಿಗಳನ್ನು ಕೊಟ್ಟುಬಿಟ್ಟರೆ ಖುಲಾಸೆ ಆಗುವ ಕೇಸುಗಳು ಕಮ್ಮಿ ಆಗಲ್ವಾ? ಹೊಸ ಕಾನೂನಿನ ಅಭಿಯೋಜನಾ (ಪ್ರಾಸಿಕ್ಯೂಷನ್) ನಿರ್ದೇಶನಾಲಯ ಅದನ್ನೇ ಮಾಡುತ್ತದೆ ಅಂತ ಕ್ಲಾಸಿನಲ್ಲಿ ಹೇಳಿದರು.
– ಕಾನೂನು ವಿದ್ಯಾರ್ಥಿನಿ, ತುಮಕೂರು

ಪೂರ್ತಿ ಹಾಗಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 20ನೇ ಕಲಮನ್ನು ಇನ್ನೊಮ್ಮೆ ಓದಿ. 10 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಕೇಸುಗಳ ಮೇಲೆ ನಿರ್ದೇಶಕರ ನಿಗಾ, 7ರಿಂದ 10ರೊಳಗಿನವು ಉಪ ನಿರ್ದೇಶಕರಿಗೆ, 7ಕ್ಕಿಂತ ಕೆಳಗಿನವು ಸಹಾಯಕ ನಿರ್ದೇಶಕರಿಗೆ. ಉಪ ನಿರ್ದೇಶಕರು ಪೊಲೀಸ್ ವರದಿಯನ್ನು ಪರಿಶೀಲಿಸಬೇಕು ಅಂತಲೂ ಇದೆ. ಆದರೆ ನೋಡುವುದು ಬೇರೆ, ಆಜ್ಞೆ ಕೊಡುವುದು ಬೇರೆ. 'ಆ ಸಾಕ್ಷಿಯ ಹೇಳಿಕೆ ತಗೊಂಡು ಬಾ' ಅಂತ ಇನ್‌ಸ್ಪೆಕ್ಟರ್‌ಗೆ ಅಪ್ಪಣೆ ಮಾಡುವ ಅಧಿಕಾರ ಅಲ್ಲಿ ಎಲ್ಲೂ ಕಾಣಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ ಅನ್ನಿ.

ಇನ್ನು ನನ್ನ ಅಭಿಪ್ರಾಯ ಕೇಳಿದರೆ, ಲಗಾಮು ಪಿಪಿ ಕೈಗೆ ಕೊಡುವುದು ಬೇಡ. ಅಪರಾಧಿಯೋ ಅಲ್ಲವೋ ಅಂತ ತಾನೇ ಬೆನ್ನುಹತ್ತಿ ಹಿಡಿದವರಿಗೆ ಆಮೇಲೆ ತಣ್ಣಗೆ ಕೂತು 'ಈ ಕೇಸಿನಲ್ಲಿ ಹುರುಳಿಲ್ಲ' ಅನ್ನುವುದು ಕಷ್ಟ. ಪ್ರಾಸಿಕ್ಯೂಟರ್‌ಗಳು ಪೊಲೀಸ್ ಇಲಾಖೆಯ ಅಡಿಯಲ್ಲಿ ಇರಬಾರದು ಅಂತ 1995ರಲ್ಲಿ ಸುಪ್ರೀಂ ಕೋರ್ಟ್ (ಶಹಾನೆ ಪ್ರಕರಣ) ಹೇಳಿದ್ದು ಇದೇ ಭಯಕ್ಕೆ. ಈಗ ಅದನ್ನೇ ಉಲ್ಟಾ ಮಾಡಿದರೂ ಕಾಯಿಲೆ ಹೋಗಲ್ಲ.

ಆದರೆ ಈಗಿನ ಸ್ಥಿತಿಯೂ ಚೆನ್ನಾಗಿಲ್ಲ. ನಮ್ಮ ಸೆಷನ್ಸ್ ಕೋರ್ಟುಗಳ ಕಾರಿಡಾರಿನಲ್ಲಿ ಬೆಳಗ್ಗೆ ಹತ್ತೂಮುಕ್ಕಾಲಿಗೆ ಒಮ್ಮೆ ನಿಂತು ನೋಡಿ. ಕೋರ್ಟ್ ಡ್ಯೂಟಿ ಪೇದೆ ಸಮನ್ಸ್ ಪುಸ್ತಕ ಹಿಡಿದು ಸಾಕ್ಷಿಯ ಹೆಸರು ಕೂಗುತ್ತಿರುತ್ತಾನೆ. ಪಿಪಿ ಆ ಸಾಕ್ಷಿಯ ಮುಖ ನೋಡುವುದು ಅದೇ ಮೊದಲು. ಕಂಬದ ಪಕ್ಕ ನಿಂತು ಹೇಳಿಕೆ ಓದಿ ಹೇಳುತ್ತಾರೆ. ಪಂಚ, ಅಂದರೆ ಮಹಜರಿಗೆ ಸಹಿ ಹಾಕಿದ ಸಾಕ್ಷಿ, ತಣ್ಣಗೆ ಅನ್ನುತ್ತಾನೆ, 'ನನಗೇನೂ ಗೊತ್ತಿಲ್ಲ ಸಾರ್, ಸ್ಟೇಷನ್‌ಗೆ ಕರೆದು ಸೈನ್ ಹಾಕಿಸ್ಕೊಂಡ್ರು.' ಹತ್ತು ನಿಮಿಷದಲ್ಲಿ ಕೇಸಿನ ಹಣೆಬರಹ ಬರೆದಾಯಿತು. ತನಿಖೆ ಮಾಡಿದ ಅಧಿಕಾರಿ ಅಷ್ಟರಲ್ಲಿ ವರ್ಗವಾಗಿ ಬೀದರಿನಲ್ಲೋ ಕೋಲಾರದಲ್ಲೋ ಬಂದೋಬಸ್ತ್‌ನಲ್ಲಿರುತ್ತಾರೆ.

2014ರ ಜನವರಿಯಲ್ಲಿ ಕಿಶನ್‌ಭಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ನೋಡಿ ಬೇಸತ್ತೇ ಬರೆಯಿತು. ಗುಜರಾತಿನಲ್ಲಿ ಪುಟ್ಟ ಹುಡುಗಿಯೊಬ್ಬಳ ಅತ್ಯಾಚಾರ, ಕೊಲೆ. ತನಿಖೆಯಲ್ಲಿ ಎಷ್ಟು ತೂತು ಅಂದರೆ ಆರೋಪಿಯನ್ನು ಬಿಡದೆ ವಿಧಿ ಇರಲಿಲ್ಲ. ಪ್ರತಿ ರಾಜ್ಯದಲ್ಲೂ ಪೊಲೀಸ್ ಮತ್ತು ಪ್ರಾಸಿಕ್ಯೂಷನ್ ಹಿರಿಯರ ಸ್ಥಾಯಿ ಸಮಿತಿ ಇರಬೇಕು, ಪ್ರತಿ ಖುಲಾಸೆಯನ್ನೂ ಅದು ಪರಿಶೀಲಿಸಬೇಕು, ತಪ್ಪು ಮಾಡಿದ ಅಧಿಕಾರಿಯ ಮೇಲೆ ಇಲಾಖಾ ಕ್ರಮ ಆಗಬೇಕು ಅಂತ ನಿರ್ದೇಶನ ಕೊಟ್ಟಿತು. ಒಳ್ಳೆಯದೇ. ಆದರೆ ಖುಲಾಸೆ ಆದಮೇಲೆ ನೋಡುವುದರಿಂದ ಆ ಕೇಸಿಗೆ ಏನೂ ಸಿಗಲ್ಲ. ನಾನು ಕೇಳುವುದು ಸಣ್ಣದು. ಪಿಪಿ ಕಚೇರಿಗೆ ವಿಚಾರಣೆಯ ಸಿದ್ಧತೆಗಾಗಿಯೇ ಇಬ್ಬರು ಮೂವರು ಅನುಭವಿ ಸಿಬ್ಬಂದಿ, ಅವರ ಮೇಲೆ ಒಬ್ಬ ಹಿರಿಯ. ಸಾಕ್ಷಿಯನ್ನು ವಿಚಾರಣೆಗೆ ವಾರ ಮೊದಲೇ ಕಂಡು ಬರಲಿ, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯದ) ವರದಿ ಎಲ್ಲಿ ಸಿಕ್ಕಿಹಾಕಿಕೊಂಡಿದೆ ನೋಡಲಿ. ಇದಕ್ಕೆ ಸಂಹಿತೆ ತಿದ್ದುವ ಅಗತ್ಯ ನನಗಂತೂ ಕಾಣಲ್ಲ.

ನಾನು ಪಿಎಸ್‌ಐ. ಕರಡು ಚಾರ್ಜ್‌ಶೀಟ್ ತೋರಿಸಿದರೆ ಪಿಪಿ ಸಾಹೇಬರು ಪುಟಗಟ್ಟಲೆ ತಕರಾರು ಬರೆದು ವಾಪಸ್ ಕಳಿಸುತ್ತಾರೆ. ಅದನ್ನೆಲ್ಲ ಪಾಲಿಸಲೇಬೇಕಾ?
– ಓದುಗರು, ಹುಬ್ಬಳ್ಳಿ

ಪಾಲಿಸಲೇಬೇಕು ಅಂತಿಲ್ಲ, ಮೇಲೆ ಹೇಳಿದೆನಲ್ಲ. ಆದರೆ ಸಿಟ್ಟು ಮಾಡಿಕೊಳ್ಳದೆ ಓದಿ. ಆ ತಕರಾರುಗಳನ್ನು ಎರಡು ವರ್ಷ ಆದಮೇಲೆ ಆರೋಪಿಯ ವಕೀಲರು ತುಂಬಿದ ಕೋರ್ಟಿನಲ್ಲಿ ಕೇಳುವುದಕ್ಕಿಂತ ಈಗ ನಿಮ್ಮ ಮೇಜಿನ ಮೇಲೆ ಬರುವುದು ವಾಸಿ ಅಲ್ವಾ?

ಸಾಮಾನ್ಯವಾಗಿ ಎಲ್ಲಿ ಹುಳುಕು ಇರುತ್ತದೆ ಅಂತ ನಿಮಗೂ ಗೊತ್ತು. ಎಂಟು ಜನ ಸಾಕ್ಷಿಗಳ ಹೇಳಿಕೆ ಅಕ್ಷರ ಅಕ್ಷರ ಒಂದೇ, ಕಾಗುಣಿತದ ತಪ್ಪು ಸಮೇತ. ಮಹಜರಿಗೆ ಊರಿನ ಅದೇ ಹಳೆಯ ಪಂಚರು. ಸಿಸಿಟಿವಿ ತುಣುಕು ಇದೆ, ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಇಲ್ಲ, ಇದ್ದರೂ ಹ್ಯಾಷ್ ಮೌಲ್ಯದ (ಫೈಲು ಬದಲಾಗಿಲ್ಲ ಅಂತ ತೋರಿಸುವ ಸಂಕೇತದ) ಜಾಗ ಖಾಲಿ. ಶೋಧ ಮತ್ತು ಜಪ್ತಿಯ ವಿಡಿಯೋ ಮಾಡಲೇಬೇಕು ಅಂತ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಹೇಳುತ್ತದೆ, ಮಾಡಿರುತ್ತೀರಿ, ಆದರೆ ಅದು ಯಾರದೋ ಮೊಬೈಲಿನಲ್ಲೇ ಉಳಿದಿರುತ್ತದೆ. ಆರೋಪಿ ಒಳಗಿದ್ದರೆ ಚಾರ್ಜ್‌ಶೀಟ್ ಹಾಕಲು 60 ಅಥವಾ 90 ದಿನದ ಗಡುವಿನ ಲೆಕ್ಕ ಬೇರೆ. ಆ ಗಡುವು ಇನ್ನೇನು ಮುಗಿಯುತ್ತೆ ಅನ್ನುವಾಗ ಕರಡು ತಗೊಂಡು ಹೋದರೆ ಪಿಪಿ ಆದರೂ ಏನು ಮಾಡಿಯಾರು.

ಒಂದು ಮಾತ್ರ ಮಾಡಬೇಡಿ. ಪಿಪಿ ಬರೆದರು ಅಂತ ಸಾಕ್ಷಿಯ ಹಳೆಯ ಹೇಳಿಕೆಯನ್ನು ತಿದ್ದಬೇಡಿ. ಬೇಕಿದ್ದರೆ ಸಾಕ್ಷಿಯನ್ನು ಮತ್ತೆ ಕರೆಸಿ, ಅವತ್ತಿನ ತಾರೀಖು ಹಾಕಿ, ಮುಂದುವರಿದ ಹೇಳಿಕೆ ಬರೆದುಕೊಳ್ಳಿ. ಎರಡೂ ಕಡತದಲ್ಲಿರಲಿ. ಹಾಗೇ ನೀವು ವಶಪಡಿಸಿಕೊಂಡು ಚಾರ್ಜ್‌ಶೀಟಿನಲ್ಲಿ ಬಳಸದ ದಾಖಲೆಗಳ ಪಟ್ಟಿಯೂ ಆರೋಪಿಗೆ ಸಿಗಬೇಕು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಚ್ಚಿಟ್ಟದ್ದು ಆಮೇಲೆ ಹೊರಬಂದರೆ ಕಟಕಟೆಯಲ್ಲಿ ನಿಂತು ಉತ್ತರ ಹೇಳುವುದು ನೀವು, ಪಿಪಿ ಅಲ್ಲ.

ಅಣ್ಣನ ಕೊಲೆ ಕೇಸಿನಲ್ಲಿ ನಾವು ಸ್ವಂತ ವಕೀಲರನ್ನು ಇಟ್ಟುಕೊಂಡು ವಾದ ಮಾಡಿಸಬಹುದಾ?
– ಓದುಗರು, ಮಂಡ್ಯ

ಇಟ್ಟುಕೊಳ್ಳಬಹುದು, ಆದರೆ ಕೇಸು ನಡೆಸುವುದು ಪಿಪಿಯೇ. ನಿಮ್ಮ ವಕೀಲರು ಅವರಿಗೆ ನೆರವಾಗಬಹುದು, ಸಾಕ್ಷ್ಯ ಮುಗಿದ ಮೇಲೆ ಕೋರ್ಟಿನ ಅನುಮತಿ ಪಡೆದು ಲಿಖಿತ ವಾದ ಕೊಡಬಹುದು. ತಾವೇ ಎದ್ದು ಪಾಟೀಸವಾಲು ಮಾಡುವ ಹಾಗಿಲ್ಲ ಅಂತ 2019ರ ರೇಖಾ ಮುರಾರ್ಕ ತೀರ್ಪು ಹೇಳುತ್ತದೆ. ಯಾವ ಸಾಕ್ಷಿಗೆ ಯಾವ ಪ್ರಶ್ನೆ ಬಿಟ್ಟುಹೋಗಿದೆ ಅಂತ ನಿಮ್ಮ ವಕೀಲರು ಚೀಟಿ ಬರೆದು ಪಿಪಿಗೆ ಕೊಡಲಿ, ಅದೂ ಸಾಕ್ಷಿ ಕಟಕಟೆಯಿಂದ ಇಳಿಯುವುದಕ್ಕೆ ಮೊದಲು.